ಗುರುವಾರದ ಪಟ್ಟಿ

ಮಿಲ್ವಾಕಿಯಲ್ಲಿ ಥೀಡಾ ಕೊವಾಲ್ಚಿಕ್ ಮಾಡುವುದು
ಒಂದು ಬಗೆಯ ಶಾನುಭೋಗಿಕೆ:
ಮೂವತ್ತು ತಂಡ, ತಂಡಕ್ಕೆ ಇಪ್ಪತ್ತಾರು ಜನ,
ಅವರ ಹೆಸರು, ಎತ್ತರ, ಬ್ಯಾಟು ಹಿಡಿಯುವ ಕೈ,
ಗಡ್ಡ ಉಂಟೋ ಇಲ್ಲವೋ.
ಗುರುವಾರ ಸಂಜೆ ಐದಕ್ಕೆ ಹೊಸ ಪಟ್ಟಿ ಹೊರಡಬೇಕು,
ಎಷ್ಟೋ ಮನೆಗಳ ಟೀವಿಯ ಕೆಳಗೆ
ಕಪ್ಪು ಡಬ್ಬಿಗಳು ಅದಕ್ಕೇ ಕಾದಿರುತ್ತವೆ.

ಗಡ್ಡ ಸುಲಭ.
ಸೋತ ವಾರ ಒಬ್ಬ ಬೋಳಿಸಿಕೊಂಡರೆ
ಇವಳೂ ಮೌಸಿನಲ್ಲಿ ಬೋಳಿಸುತ್ತಾಳೆ, ನೊರೆಯಿಲ್ಲ, ರಕ್ತವಿಲ್ಲ.
ಮೊಣಕೈ ಕೊಯ್ಸಿಕೊಂಡ ಪಿಚ್ಚರನನ್ನು
ಅರವತ್ತು ದಿನದ ಪಟ್ಟಿಗೆ ಸೇರಿಸುತ್ತಾಳೆ
ಜಾಡಿಯನ್ನು ಅಟ್ಟಕ್ಕೆ ಎತ್ತಿಟ್ಟಂತೆ.
ಕಷ್ಟವೆಂದರೆ ಓಟ.
ಎಪ್ಪತ್ತೊಂದನ್ನು ಅರವತ್ತೆಂಟು ಮಾಡುವ ಮುನ್ನ
ಮೊದಲ ಬೇಸಿಗೆ ಅರ್ಧ ಹೆಜ್ಜೆ ತಡವಾಗಿ ಮುಟ್ಟಿದವನ
ಮೂರು ವಿಡಿಯೊ ನೋಡುತ್ತಾಳೆ,
ನಾಲ್ಕನೆಯದನ್ನೂ ನೋಡುತ್ತಾಳೆ,
ಗಾಳಿ ಎದುರಿತ್ತೇನೋ, ಶೂ ಹೊಸದೇನೋ ಎಂದು
ತನ್ನೊಳಗೇ ವಕೀಲಿಕೆ ಮಾಡುತ್ತಾಳೆ.
ಆಮೇಲೆ ಅರವತ್ತೆಂಟು ಒತ್ತುತ್ತಾಳೆ.

ಕೆಲವರು ಫೋನು ಮಾಡುವುದೂ ಉಂಟು.
ಇಪ್ಪತ್ತೆರಡರ ಕ್ಯಾಚರ್ ಒಬ್ಬ, ಕೋಟಿಗಟ್ಟಲೆ ಸಂಬಳ,
"ನನ್ನ ತೋಳಿಗೆ ಐವತ್ತನಾಲ್ಕೇ?
ನಮ್ಮಜ್ಜಿಯ ತೋಳಿಗೇ ಅರವತ್ತು ಕೊಡಬಹುದು" ಎಂದ.
"ಅಜ್ಜಿಯ ವಿಡಿಯೊ ಕಳಿಸಿ" ಎಂದಳು ಥೀಡಾ.
ಕಳಿಸಿಯೇಬಿಟ್ಟ. ಹಿತ್ತಲಲ್ಲಿ ಮುದುಕಿ ನಾಯಿಗೆ ಚೆಂಡೆಸೆಯುತ್ತಿದ್ದಾಳೆ.
ಅದನ್ನು ಇವಳು ಅಳಿಸಿಲ್ಲ.
ಅಂಕವನ್ನೂ ಏರಿಸಿಲ್ಲ.

ಜುಲೈ ಕೊನೆಗೆ ಆಟಗಾರರ ವ್ಯಾಪಾರ ಮುಗಿಯುವ ದಿನ,
ಈ ವರ್ಷ ಅದೂ ಗುರುವಾರವೇ,
ಆಫೀಸಿನಲ್ಲಿ ಯಾರೂ ಕೂತು ಉಣ್ಣುವುದಿಲ್ಲ.
ಪಂಕ್ತಿಯಲ್ಲಿ ಇಪ್ಪತ್ತಾರೇ ಎಲೆ;
ಒಬ್ಬ ಬಂದು ಕೂರಬೇಕಾದರೆ ಒಬ್ಬ ಕೈತೊಳೆಯಬೇಕು.
ನಾಲ್ಕೂವರೆಗೆ ಸುದ್ದಿ:
ಎಲಿಯೋದೊರೊ ಪೆಗೇರೊ, ಮೂವತ್ತನಾಲ್ಕು ವರ್ಷ,
ಎರಡನೇ ಬೇಸು, ಮೂರನೆಯದು, ಯಾರೂ ಇಲ್ಲದ ದಿನ ಎಡಮೈದಾನ,
ಟಕೋಮಾದಿಂದ ಬಫಲೋಗೆ.
ಬದಲಿಗೆ ಬರುವವನ ಹೆಸರು ಆಮೇಲೆ ಹೇಳುತ್ತಾರಂತೆ.
ಹೆಸರಿಲ್ಲದವನಿಗೆ ಥೀಡಾಳ ಕಡತದಲ್ಲಿ ಖಾನೆಯಿಲ್ಲ.
ಕೆಳಗಿನ ತಂಡದಿಂದ ಹುಡುಗನೊಬ್ಬನನ್ನು ತಂದು ತುಂಬಿದಳು,
ಪೆಗೇರೊನನ್ನು ಹಿಡಿದು ದೇಶದ ಆ ತುದಿಯಿಂದ ಈ ತುದಿಗೆ
ನಾಲ್ಕು ಅಂಗುಲ ಎಳೆದಳು.
ಅವನಾಗ ವಿಮಾನದಲ್ಲಿದ್ದ, ಫೋನು ಆರಿಸಿಕೊಂಡು,
ಹಳೆಯ ತಂಡದ ಟೊಪ್ಪಿಯನ್ನೇ ಮುಖಕ್ಕೆ ಮುಚ್ಚಿಕೊಂಡು.

ಟಕೋಮಾದಲ್ಲಿ ಮೂರು ಗಂಟೆ ಚಿಲ್ಲರೆ.
ಬಾಡಿಗೆ ಫ್ಲ್ಯಾಟಿನ ನೆಲದ ಮೇಲೆ ನೆಫ್ತಾಲಿ ಪೆಗೇರೊ, ಒಂಬತ್ತು ವರ್ಷ,
ಯಾವಾಗಲೂ ಅಪ್ಪನ ತಂಡವನ್ನೇ ಆಡಿಸುವವನು,
ಕೋಚು ಮೂರು ವಾರದಿಂದ ಬೆಂಚಿನಲ್ಲಿ ಕೂರಿಸಿದವನನ್ನು
ದಿನವೂ ಮೊದಲ ಬ್ಯಾಟಿಗೆ ಕಳಿಸುವವನು.
ಹಸಿರು ಗೆರೆ ತುಂಬಿತು. ಹೊಸ ಪಟ್ಟಿ ಬಂದಿದೆ, ಎಂದಿತು ಪರದೆ.
ಎರಡನೇ ಬೇಸಿನಲ್ಲಿ ಯಾರೋ. ಮೂರನೆಯದರಲ್ಲಿ ಯಾರೋ.
ಬೆಂಚು ನೋಡಿದ. ಗಾಯಾಳುಗಳಲ್ಲಿ ನೋಡಿದ.
ವಾರ್ಡಿನಿಂದ ವಾರ್ಡಿಗೆ ಮಂಚದ ಚೀಟಿ ಓದುತ್ತಾ ನಡೆಯುವವರಂತೆ
ಒಂದೊಂದೇ ತಂಡ ದಾಟಿದ.

ಬಫಲೋದಲ್ಲಿ ಸಿಕ್ಕ ಅಪ್ಪ:
ನೀಲಿ ಟೊಪ್ಪಿ, ಬೆನ್ನಿಗೆ ಅರವತ್ತೊಂದು,
ಅದೇ ಮುಖ, ಎಡ ಹುಬ್ಬಿನ ಗೀರು ಸಮೇತ.
ಆ ಗೀರು, ಹೋದ ವರ್ಷ ಒಂದು ಭಾನುವಾರ
ಯಾರೂ ಕೇಳದಿದ್ದರೂ ಥೀಡಾ ಕೂತು ಬಿಡಿಸಿದ್ದು.

ಹುಡುಗ ಹೆಸರು ಹಿಡಿದು ವಾಪಸು ಎಳೆದ.
ತಂಡ ಭರ್ತಿಯಾಗಿದೆ. ಒಬ್ಬರನ್ನು ಬಿಡಿ, ಎಂದಿತು ಆಟ.

ಇವನು ಚೂಯಿಂಗ್ ಗಮ್ ಕೊಡುವವನು.
ಇವನ ಹೆಂಡತಿ ಬಸುರಿ, ಅಮ್ಮ ಹೇಳಿದ್ದಳು.
ಇವನು ಜಿಪುಣ, ಆದರೆ ಇವನ ನಾಯಿ ಒಳ್ಳೆಯದು.
ಇವನು ಇವತ್ತಷ್ಟೇ ಬಂದ ಹೊಸ ಹುಡುಗ,
ಮುಖವಿನ್ನೂ ಬಿಡಿಸಿಲ್ಲ, ಎಲ್ಲರಿಗೂ ಕೊಡುವ ಮುಖ,
ಇವನನ್ನು ಬಿಡಬಹುದು,
ಆದರೆ ಇವನನ್ನು ಯಾರ ಮನೆಯಲ್ಲಿ ಯಾರು
ಈಗ ಹುಡುಕುತ್ತಿದ್ದಾರೋ.

ಅಡುಗೆಮನೆಯಲ್ಲಿ ಬಾಳೆಕಾಯಿ ಕರಿಯುವ ಸದ್ದು.
ಅದರ ನಡುವೆ ಫೋನು.
ಅಮ್ಮ ಎಣ್ಣೆಗೈ ಒರೆಸಿಕೊಳ್ಳುತ್ತಾ ಬಂದಳು.
"ಈಗಲೇ ಎತ್ತಬೇಡ" ಎಂದ ನೆಫ್ತಾಲಿ,
ಪರದೆಯಿಂದ ಕಣ್ಣು ತೆಗೆಯದೆ.